ಬರ್ಡನ್ ಮೇಷ್ಟ್ರು

ತಾವಿರುವ ಮಹಡಿಯ ಕೋಣೆಯಲ್ಲೇ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಈ ಕುಳ್ಳ ಮೇಷ್ಟ್ರಿಗೆ ಯಾವ ಪದದ ಅರ್ಥವನ್ನೂ ಬರೀ ಬಾಯಲ್ಲಿ ಹೇಳಿದರೆ ಸಮಾಧಾನವಿಲ್ಲ, ಮಾಡಿಯೇ ತೋರಿಸಬೇಕು. ‘ಬರ್ಡನ್’ ಪದ ಬಂದ ದಿನವಂತೂ ಇಡೀ ಕ್ಲಾಸು ಹಮಾಲರ ಗುಂಪಾಗುತ್ತದೆ: ಡ್ರೈವರ್ ತಲೆಯ ಮೇಲೆ ದಪ್ಪ ನಿಘಂಟು, ದರ್ಜಿಯ ಹೆಗಲಿಗೆ ಮರದ ಸ್ಟೂಲು, ನರ್ಸಮ್ಮನ ಕೈಗೆ ತುಂಬಿದ ಬಕೆಟ್ಟು. “ಭುಜ ನೋಯ್ತಾ? ಹಾಂ, ಹಾಗಾದ್ರೆ ಅರ್ಥ ಆಯ್ತು. ಈಗ ವಾಕ್ಯ ಮಾಡಿ!” ಸಂಸಾರವನ್ನು, ಸಾಹೇಬರನ್ನು, ಕೊನೆಗೆ ಮೇಷ್ಟ್ರನ್ನೇ ಬರ್ಡನ್ ಎಂದರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು ಶಹಭಾಸ್ ಅನ್ನುತ್ತಾರೆ. ಒಮ್ಮೆ ಮಾತ್ರ ದರ್ಜಿ, “ನಡೆಯೋಕಾಗದ ಅಮ್ಮ ಮಗನಿಗೆ ಬರ್ಡನ್” ಎಂದಾಗ ಅವರ ಮುಖ ಸಪ್ಪಗಾಯಿತು. “ವ್ಯಾಕರಣ ಸರಿಯಾಗಿದೆ ಕಣ್ರೀ, ವಾಕ್ಯ ತಪ್ಪು,” ಎಂದು ಬೋರ್ಡು ಒರೆಸಿಬಿಟ್ಟರು. ಕ್ಲಾಸು ಮುಗಿದ ಮೇಲೆ ಎಲ್ಲರನ್ನೂ ಬೀಳ್ಕೊಡಲು ಅವರು ಮೆಟ್ಟಿಲಿಳಿಯುವ ಚಂದ ನೋಡಬೇಕು. ಬೆನ್ನು ಬಾಗಿಸಿ, ಎರಡೂ ಕೈ ಹಿಂದೆ ಹೆಣೆದುಕೊಂಡು, ಒಂದೊಂದೇ ಮೆಟ್ಟಿಲು. ತಿರುವಿನ ತೊಲೆ ತಲೆಗಿಂತ ಮೊಳ ಮೇಲಿದ್ದರೂ ಅಲ್ಲಿ ಇನ್ನಷ್ಟು ಕುಗ್ಗುತ್ತಾರೆ. “ನಿಮ್ಮ ತಲೆಗೆ ಅದು ಜನ್ಮದಲ್ಲಿ ತಾಗಲ್ಲ ಸಾರ್!” ಎಂದು ನರ್ಸಮ್ಮ ನಗುತ್ತಾಳೆ. ಅದು ಅವರಿಗೂ ಗೊತ್ತು. ಕಾಲು ಹೋದ ಅಮ್ಮನನ್ನು ವರ್ಷಗಟ್ಟಲೆ ಉಪ್ಪುಮೂಟೆ ಹೊತ್ತು, ಬೀದಿಯ ಗಾಳಿಗೆಂದು ದಿನಾ ಸಂಜೆ ಇಳಿಸುತ್ತಿದ್ದ ಮೆಟ್ಟಿಲು ಅದು. ತೊಲೆ ತಾಗುತ್ತಿದ್ದುದು ಅವಳ ತಲೆಗೆ. ಅವಳು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಆ ತಿರುವು ಬಂತೆಂದರೆ ಮೇಷ್ಟ್ರು ಯಾರಿಗೂ ಕೇಳದಷ್ಟು ಮೆಲ್ಲಗೆ ಅನ್ನುತ್ತಾರೆ: “ತಲೆ ಬಗ್ಗಿಸಮ್ಮ.”