ಆರನೆಯ ಬಾಟಲಿ ಮತ್ತು ಸ್ಟಾರ್ಟ್ ಆಗದ ಕಾರು

ಇಂಥ ಬರಹಗಳನ್ನು ನಾನು ಓದುತ್ತಿದ್ದುದೇ ತಪ್ಪು ಹುಡುಕುವುದಕ್ಕೆ. ಯಾರೋ ಏನನ್ನೋ ಕಂಡರು, ಮೈ ಬೆವರಿತು, ಮರುದಿನ ನೋಡಿದರೆ ಏನೂ ಇರಲಿಲ್ಲ ಎಂದು ಓದಿದಾಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ: ಎಷ್ಟು ಸಲ ಪರೀಕ್ಷಿಸಿದಿರಿ? ಜೊತೆಗೆ ಯಾರಿದ್ದರು? ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದು ನೋಡಿದಿರಾ? ಈಗ ಬರೆಯುವ ಸರದಿ ನನ್ನದು. ಈ ಮೂರೂ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿದೆ. ಆದರೂ ಅಂದು ನಡೆದದ್ದೇನು ಎಂದು ಗೊತ್ತಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೊಪ್ಪಳದ ನೀರು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ್ದೆ. ಹಳ್ಳಿಗಳಿಂದ ನೀರಿನ ಮಾದರಿ ತರುವುದು, ಪರೀಕ್ಷಿಸುವುದು, ವರದಿಗೆ ಸಹಿ ಹಾಕುವುದು ನನ್ನ ಕೆಲಸ. ಓಡಾಡಲು ಬಾಡಿಗೆಯ ಕಾರಿತ್ತು. ಅದರ ಚಾಲಕ ಯಮನೂರಪ್ಪ, ಐವತ್ತು ದಾಟಿದವರು, ಗಂಗಾವತಿ ಬಳಿಯ ಸಿದ್ದಾಪುರದ ಕಡೆಯವರು. ಕಾಲುವೆ ನೀರಿನ ಊರಿನಲ್ಲಿ ಬೆಳೆದವರಾದ್ದರಿಂದ ಯಲಬುರ್ಗಾ, ಕುಷ್ಟಗಿಯ ಒಣ ನೆಲವೆಂದರೆ ಅವರಿಗೆ ತಾತ್ಸಾರ. ನನ್ನ ಮೇಲೂ ಅಷ್ಟೇ. "ಒಂದೊಂದ್ ಬೋರಿಗೂ ಗಾಡಿ ನಿಂದ್ರಸ್ತೀರಿ. ನಾ ಏನ್ ಸಿಟಿ ಬಸ್ ಹೊಡ್ಯಾಕ ಬಂದೀನೇನ್ರಿ" ಎಂದು ಒಮ್ಮೆ ಅಂದಿದ್ದರು. ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮಲ್ಲಿರಲಿಲ್ಲ.

ಆ ಕಾರು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವಂಥದು. ಚಾವಿ ಜೇಬಿನಲ್ಲಿದ್ದರೆ ಸಾಕು. ಕ್ಲಚ್ ತುಳಿದಾಗ ಗುಂಡಿಯ ಮೇಲಿನ ಸಣ್ಣ ದೀಪ ಕಿತ್ತಳೆಯಿಂದ ಹಸಿರಿಗೆ ತಿರುಗಬೇಕು, ಆಗ ಒತ್ತಬೇಕು. ಆ ತಿಂಗಳಲ್ಲಿ ಎರಡು ಸಲ ದೀಪ ಹಸಿರಾಗದೆ ಸತಾಯಿಸಿತ್ತು. ಮೊದಲ ಸಲ ಚಾವಿಯೊಳಗಿನ ಬಿಲ್ಲೆ ಬ್ಯಾಟರಿ ಬದಲಾಯಿಸಿದರು. ಎರಡನೆಯ ಸಲ ಗಂಗಾವತಿಯ ಗ್ಯಾರೇಜಿನಲ್ಲಿ ಕ್ಲಚ್ಚಿನ ಕೆಳಗಿನ ಸ್ವಿಚ್ ಬದಲಾಯಿಸಿದರು. ಅಂದರೆ ಕಾರಿಗೆ ಮೊದಲೇ ಕಾಯಿಲೆಯಿತ್ತು. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ನ್ಯಾಯವಲ್ಲ.

ಊರಿನ ಹೆಸರು ಬೇಡ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಅಲ್ಲಿ ಒಂದೇ ವಾರದಲ್ಲಿ ಹನ್ನೊಂದು ಜನರಿಗೆ ವಾಂತಿ-ಭೇದಿಯಾಗಿತ್ತು. ಯಾವ ನೀರಿನಿಂದ ಎಂದು ತಿಳಿಯಬೇಕಿತ್ತು. ಹಿಂದಿನ ತಿಂಗಳಷ್ಟೇ ನಮ್ಮವರು ಹೋಗಿ, ಫ್ಲೋರೈಡ್ ಹೆಚ್ಚಿದೆಯೆಂದು ಎರಡು ಕೊಳವೆಬಾವಿಗಳಿಗೆ ಕುಡಿಯಬಾರದೆಂಬ ಗುರುತಾಗಿ ಕೆಂಪು ಬಣ್ಣ ಬಳಿದು ಬಂದಿದ್ದರು. ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ಬಿಟ್ಟರೆ ಊರಿಗೆ ಉಳಿದ ಸಿಹಿನೀರು ಒಂದು ಹಳೆಯ ಮೆಟ್ಟಿಲು ಬಾವಿಯದು ಮಾತ್ರ. ಈಗ ಅದರ ನೀರು ಒಯ್ಯಲು ನಾನು ಬಂದಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ನಾವು ತಲುಪುವಾಗಲೇ ಬಾವಿಕಟ್ಟೆಯ ಮೇಲೆ ಹತ್ತು-ಹದಿನೈದು ಜನ ನಿಂತಿದ್ದರು. ಪಂಚಾಯಿತಿ ಸದಸ್ಯ ಶರಣಪ್ಪ ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿ, "ಬಣ್ಣದ ಡಬ್ಬಿ ತಂದೀರೇನ್ರಿ ಮೇಡಂ? ಇಲ್ಲಂದ್ರ ನಾವಾ ಕೊಡ್ತೀವಿ. ಹ್ವಾದ ಸಲದ್ದು ಉಳದೈತಿ" ಎಂದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಯಾರೂ ದಾರಿ ಬಿಡಲಿಲ್ಲ. ಕೊನೆಗೆ ದಾರಿ ಬಿಡಿಸಿದವಳು ಬಾವಿಯ ಪಕ್ಕದ ಮನೆಯ ಮುದುಕಿ, ಹುಲಿಗೆವ್ವ. ಅವಳ ಮೊಮ್ಮಗಳು ಯಲಬುರ್ಗಾದ ಆಸ್ಪತ್ರೆಯಲ್ಲಿದ್ದಳು.

ಆ ಬಾವಿಗೆ ಒಂದು ಪದ್ಧತಿಯಿತ್ತು. ಹೊರಗಿನವರು ಯಾರೇ ಆಗಲಿ, ಮೊದಲು ಕಟ್ಟೆಯ ಮೇಲೆ ಒಂದು ಬೊಗಸೆ ನೀರು ಕುಡಿಯಬೇಕು. ಆಮೇಲೆ ಎಷ್ಟಾದರೂ ಒಯ್ಯಬಹುದು. ಕುಡಿಯದೆ ಒಯ್ಯುವಂತಿಲ್ಲ. ಹುಲಿಗೆವ್ವ ಸೇದಿದ ಕೊಡವನ್ನು ನನ್ನ ಮುಂದೆ ಬಗ್ಗಿಸಿ, "ಒಂದ್ ಬೊಗಸಿ ಕುಡಿ ಯವ್ವಾ, ಆಮ್ಯಾಲ ಒಯ್ಯಿ" ಎಂದಳು.

ನಾನು ಕುಡಿಯಲಿಲ್ಲ. ಅನುಮಾನವಿರುವ ನೀರನ್ನು ಕುಡಿಯಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಇದನ್ನು ಮೆಲ್ಲಗೆ, ವಿನಯದಿಂದಲೇ ಹೇಳಿದೆ. ಫಲಿತಾಂಶ ಬರುವ ತನಕ ನೀವೂ ಕಾಯಿಸಿ ಕುಡಿಯಿರಿ ಎಂದೂ ಸೇರಿಸಿದೆ. ಅದನ್ನು ಹೇಳಬಾರದಿತ್ತೇನೋ. ಶರಣಪ್ಪ, "ನಾವ್ ಕುಡಿಯೂದು ನೀರು, ನಿಮ್ಗ ಅದು ವಿಷ. ಹೌದಿಲ್ರಿ?" ಎಂದ. ಹುಲಿಗೆವ್ವ ಕೊಡದ ನೀರನ್ನು ನನ್ನ ಕಾಲ ಬಳಿ ಸುರಿದು ಒಳಗೆ ಹೋದಳು. ನನ್ನ ಚಪ್ಪಲಿ ನೆನೆಯಿತು.

ಕಲ್ಲು ಕಟ್ಟಿದ ಬಾಟಲಿಯನ್ನು ದಾರದಿಂದ ಬಾವಿಗಿಳಿಸಿ ತುಂಬಿಸಿಕೊಂಡೆ. ಯಾರಾದರೂ ಬ್ಲೀಚಿಂಗ್ ಪುಡಿ ಹಾಕಿರಬಹುದೇ ಎಂದು ಅಲ್ಲಿಯೇ ಪರೀಕ್ಷಿಸಿದೆ, ಹಾಕಿರಲಿಲ್ಲ. ಆಗ ಗಂಟೆ ಒಂಬತ್ತೂ ಇಪ್ಪತ್ತು. ಊರಿನ ಟ್ಯಾಂಕು ಮತ್ತು ನಲ್ಲಿಗಳಿಂದ ಇನ್ನೂ ಐದು ಮಾದರಿ ತೆಗೆದೆ. ಬಾವಿಯದನ್ನು ಆರನೆಯದೆಂದು ಬರೆದು ಎಲ್ಲವಕ್ಕೂ ಮೊಹರು ಹಾಕಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ನಮ್ಮಲ್ಲಿದ್ದ ನಿಯಮದಂತೆ ನೀರು ತೆಗೆದ ಆರು ತಾಸಿನೊಳಗೆ ಪ್ರಯೋಗಾಲಯ ಸೇರಬೇಕು. ತಡವಾದರೆ ಆ ನೀರಿನ ಮಾತಿಗೆ ಬೆಲೆಯಿಲ್ಲ. ಕಾರು ಹತ್ತಿದಾಗ ಹತ್ತೂಕಾಲು.

ದೀಪ ಹಸಿರಾಗಲಿಲ್ಲ.

ಯಮನೂರಪ್ಪ ಕ್ಲಚ್ಚನ್ನು ನಾಲ್ಕಾರು ಸಲ ತುಳಿದು ನೋಡಿದರು. ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿತ್ತು, ಹಾರ್ನ್ ಜೋರಾಗಿತ್ತು. ಆದ್ದರಿಂದ ಕಾರಿನ ಬ್ಯಾಟರಿ ಸರಿಯಿದೆ ಎಂದುಕೊಂಡೆವು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿದ್ದ ಪುಸ್ತಕ ತೆಗೆದು ಓದಿದೆ. ಚಾವಿಯ ಬ್ಯಾಟರಿ ಸೋತಿದ್ದರೂ ಚಾವಿಯನ್ನು ಗುಂಡಿಗೇ ತಾಗಿಸಿ ಹಿಡಿದರೆ ಸ್ಟಾರ್ಟ್ ಆಗುತ್ತದೆ ಎಂದಿತ್ತು. ಆಗಲಿಲ್ಲ. ಚಾವಿಯ ಸಿಗ್ನಲ್ಲಿಗೆ ಅಡ್ಡಿಯಾಗಬಹುದೆಂದು ಇಬ್ಬರ ಮೊಬೈಲನ್ನೂ ದೂರ ಇಟ್ಟೆವು. ಬ್ಯಾಟರಿಯ ತಂತಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಿಗಿದೆವು. ಬೇವಿನ ಮರದ ಕೆಳಗೆ ಕುಳಿತ ಜನ ಸಂತೋಷದಿಂದ ನೋಡುತ್ತಿದ್ದರು. ಯಲಬುರ್ಗಾದ ತನಕ ಬೈಕಿನ ಮೇಲೆ ಬಿಡುವಿರಾ ಎಂದು ಕೇಳಿದ್ದಕ್ಕೆ ಶರಣಪ್ಪ, "ನಮ್ ಬೈಕಿಗೆ ಬಟನ್ ಇಲ್ರಿ, ಒದೀಬೇಕು. ನಿಮ್ಮಂಥೋರು ಕೂಡಂಗಿಲ್ಲ ಅದರ ಮ್ಯಾಲ" ಎಂದ.

ಬಾಟಲಿಗಳು ಬಿಸಿಯಾಗಬಾರದೆಂದು ನಾನು ಪೆಟ್ಟಿಗೆಯನ್ನು ಇಳಿಸಿ ಮರದ ನೆರಳಿಗೆ ಇಟ್ಟೆ. ತಿರುಗಿ ನೋಡುವಷ್ಟರಲ್ಲಿ ಕಾರು ಸ್ಟಾರ್ಟ್ ಆಗಿತ್ತು.

ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲೆ ಇಟ್ಟೆ. ಎಂಜಿನ್ ನಿಂತಿತು. ಯಮನೂರಪ್ಪ ಬೇಕೆಂದೇ ಕ್ಲಚ್ ಬಿಟ್ಟಿರಬೇಕು ಎಂದು ನಾನು ತಿಳಿದೆ, ಬಾಯಿಬಿಟ್ಟು ಹೇಳಿದೆ ಕೂಡ. ಅವರು ಚಾವಿಯನ್ನು ನನ್ನ ಕೈಗೆ ಹಾಕಿ, "ನೀವಾ ಹೊಡೀರಿ ಹಂಗಾರ" ಎಂದು ಇಳಿದರು. ನನಗೆ ಕಾರು ನಡೆಸಲು ಬರುತ್ತದೆ. ಗೇರು ತಟಸ್ಥದಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ನಾನೇ ಕುಳಿತೆ. ಪೆಟ್ಟಿಗೆ ಹೊರಗಿದ್ದಾಗ ಒಂದೇ ಒತ್ತಿಗೆ ಎಂಜಿನ್ ಓಡಿತು. ಅವರು ಪೆಟ್ಟಿಗೆ ಒಳಗಿಟ್ಟರು. ನನ್ನ ಕಾಲು ಯಾವುದರ ಮೇಲೂ ಇರಲಿಲ್ಲ. ಎಂಜಿನ್ ನಿಂತಿತು.

ಆಮೇಲೆ ನಾನು ಮಾಡಿದ್ದು ಪ್ರಯೋಗಾಲಯದಲ್ಲಿ ಮಾಡುವಂಥ ಕೆಲಸ. ಖಾಲಿ ಪೆಟ್ಟಿಗೆ ಒಳಗಿಟ್ಟಾಗ ಕಾರು ಓಡಿತು. ಐಸ್ ಸಹಿತ ಇಟ್ಟಾಗ ಓಡಿತು. ಬಾಟಲಿಗಳನ್ನು ಒಂದರ ನಂತರ ಒಂದು ಇಡುತ್ತ ಬಂದೆವು. ಐದು ಬಾಟಲಿಯವರೆಗೆ ಓಡಿತು, ಆರನೆಯದಕ್ಕೆ ನಿಂತಿತು. ಕ್ರಮ ಬದಲಿಸಿ ಆರನೆಯದನ್ನು ಮೊದಲು ಇಟ್ಟಾಗಲೂ ನಿಂತಿತು. ಅಂಥದೇ ಬಾಟಲಿಗೆ ನಲ್ಲಿಯ ನೀರು ತುಂಬಿ ಇಟ್ಟಾಗ ಓಡಿತು. ಯಮನೂರಪ್ಪನಿಗೆ ತಿಳಿಯದಂತೆ ಬಾಟಲಿಗಳಿಗೆ ಕಾಗದ ಸುತ್ತಿಕೊಟ್ಟೆ. ಆಗಲೂ ಆರನೆಯದಕ್ಕೇ ನಿಂತಿತು. ಒಟ್ಟು ಒಂಬತ್ತು ಸಲ ಆ ಬಾಟಲಿ ಒಳಗೆ ಹೋಯಿತು, ಒಂಬತ್ತು ಸಲವೂ ಎಂಜಿನ್ ಸತ್ತಿತು. ನನ್ನ ನೋಟ್‌ಬುಕ್ಕಿನಲ್ಲಿ ಆ ಪಟ್ಟಿ ಈಗಲೂ ಇದೆ. ಕೊನೆಕೊನೆಗೆ ಮರದ ಕೆಳಗಿನ ನಗು ನಿಂತಿತ್ತು. ಜನ ಎದ್ದು ಸ್ವಲ್ಪ ಹಿಂದಕ್ಕೆ ಸರಿದಿದ್ದರು. ಯಮನೂರಪ್ಪ ಹೇಮಗುಡ್ಡದ ದುರ್ಗಮ್ಮನನ್ನು ನೆನೆದು, "ಚೆಲ್ಲಿಬಿಡ್ರಿ ಮೇಡಂ ಅದನ್ನ. ಇಲ್ಲಾ ಒಂದ್ ಗುಟುಕ್ ಕುಡುದ್ ಬಿಡ್ರಿ. ಏನ್ ಹೋಗ್ತೈತಿ ನಿಮ್ದು" ಎಂದರು.

ಎರಡನ್ನೂ ನಾನು ಮಾಡಲಿಲ್ಲ. ಹಟವೋ, ಅವಮಾನವೋ, ಬಹುಶಃ ಎರಡೂ. ಗಂಟೆ ಹನ್ನೆರಡಾಗುತ್ತ ಬಂದಿತ್ತು. ಐದು ಬಾಟಲಿಗಳನ್ನು ಕಾರಿನಲ್ಲಿ ಕಳಿಸಿ, ಆರನೆಯದನ್ನು ಐಸಿನೊಂದಿಗೆ ಊಟದ ಚೀಲದಲ್ಲಿಟ್ಟುಕೊಂಡು ರಸ್ತೆಯವರೆಗೆ ನಡೆದೆ. ಮೂರು ಕಿಲೋಮೀಟರ್, ಮೇ ತಿಂಗಳ ಬಿಸಿಲು. ಯಮನೂರಪ್ಪ ಸ್ವಲ್ಪ ದೂರ ನನ್ನ ಹಿಂದೆಯೇ ನಿಧಾನವಾಗಿ ಕಾರು ನಡೆಸಿಕೊಂಡು ಬಂದರು. ಆಮೇಲೆ ಏನನ್ನಿಸಿತೋ, ಗಾಜು ಏರಿಸಿ ಮುಂದೆ ಹೋಗಿಬಿಟ್ಟರು. ಬಸ್ಸು ಸಿಕ್ಕಿತು. ಯಲಬುರ್ಗಾದಲ್ಲಿ ಇನ್ನೊಂದು ಬಸ್ಸು ಹಿಡಿದು ಮೂರಕ್ಕೆ ಹತ್ತು ನಿಮಿಷವಿರುವಾಗ ಪ್ರಯೋಗಾಲಯದಲ್ಲಿದ್ದೆ. ಬಾಟಲಿ ತಣ್ಣಗಿತ್ತು, ಮೊಹರು ಹಾಗೆಯೇ ಇತ್ತು. ಬಸ್ಸುಗಳಿಗೆ ಏನೂ ಆಗಲಿಲ್ಲ.

ಮೂರನೆಯ ದಿನ ಫಲಿತಾಂಶ ಬಂತು. ಟ್ಯಾಂಕಿನ ನೀರು ಕೆಟ್ಟಿತ್ತು. ಬಾವಿಯ ನೀರು ಶುದ್ಧವಾಗಿತ್ತು. ಸುಮಾರಾಗಿ ಶುದ್ಧ ಎಂದಲ್ಲ. ಒಂದೇ ಒಂದು ಕ್ರಿಮಿಯೂ ಬೆಳೆದಿರಲಿಲ್ಲ. ತೆರೆದ ಬಾವಿಯ ನೀರು ಅಷ್ಟು ಶುದ್ಧವಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಇನ್ನೊಮ್ಮೆ ಮಾದರಿ ತರಿಸಬೇಕಿತ್ತು. ಆ ಊರಿಗೆ, ಆ ಕಟ್ಟೆಗೆ ಮತ್ತೆ ಹೋಗುವ ಮನಸ್ಸಾಗಲಿಲ್ಲ. ಟ್ಯಾಂಕು ಬಂದ್ ಮಾಡಿ, ಬಾವಿಯ ನೀರು ಕುಡಿಯಲು ಯೋಗ್ಯ ಎಂದು ಬರೆದು ಸಹಿ ಹಾಕಿದೆ.

ನಾಲ್ಕು ದಿನ ಇಡೀ ಊರು ಆ ಬಾವಿಯ ನೀರನ್ನೇ ಕುಡಿಯಿತು. ಮತ್ತೆ ಏಳು ಜನ ಮಲಗಿದರು. ಹುಲಿಗೆವ್ವ ಅವರಲ್ಲಿ ಒಬ್ಬಳು. ಮೊಮ್ಮಗಳು ಗುಣವಾಗಿ ಮನೆಗೆ ಬಂದಿದ್ದಳು; ಅಜ್ಜಿ ಆಸ್ಪತ್ರೆಯಿಂದ ಮರಳಲಿಲ್ಲ. ನನ್ನ ಸಹೋದ್ಯೋಗಿಯೊಬ್ಬ ಹೋಗಿ ಬಾವಿಯ ನೀರು ತಂದ. ಅದೇ ಕಾರು, ಅದೇ ಚಾಲಕ. ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಆ ನೀರು ಚರಂಡಿಯ ನೀರಿಗಿಂತ ಕಡೆಯಾಗಿತ್ತು. ಒಯ್ಯುವ ಮೊದಲು ಅವನು ಕುಡಿದನೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ ಎಂದರೂ ಸರಿಯೇ.

ವಿಚಾರಣೆ ನಡೆಯಿತು. ಮೇಲಧಿಕಾರಿಗಳ ಮುಂದೆ ಕಾರಿನ ಲಾಗ್‌ಬುಕ್ ಇತ್ತು. ಅಂದು ಕಾರು ಆ ಊರಿನಿಂದ ಹೊರಟು ನನಗಿಂತ ಒಂದೂವರೆ ಗಂಟೆ ಮೊದಲೇ ಕೊಪ್ಪಳ ಸೇರಿತ್ತು. ಐದು ಬಾಟಲಿ ಕಾರಿನಲ್ಲಿ ಬಂದವು, ಒಂದು ಮಾತ್ರ ಬಸ್ಸಿನಲ್ಲಿ ನಿಮ್ಮ ಚೀಲದಲ್ಲಿ ಬಂದಿತು, ಏಕೆ ಎಂದು ಕೇಳಿದರು. ಆ ದಾರಿಯಲ್ಲಿ ನಾನು ಬಾಟಲಿ ಬದಲಾಯಿಸಿದೆ ಎಂಬ ಅನುಮಾನ ಅವರ ಧ್ವನಿಯಲ್ಲೇ ಇತ್ತು. ಕಾರು ಸ್ಟಾರ್ಟ್ ಆಗಲಿಲ್ಲ ಎಂದೆ. ಯಮನೂರಪ್ಪನನ್ನು ಕರೆಸಿದರು. ಅವರು ನೆಲ ನೋಡುತ್ತ, "ಗಾಡಿ ಸ್ಟಾರ್ಟ್ ಆಗಿತ್ರಿ ಸಾಹೇಬ್ರ. ಮೇಡಮ್ಮಾರ ಹತ್ತಲಿಲ್ಲ" ಎಂದರು.

ಹೊರಗೆ ಬಂದ ಮೇಲೆ ನಾನು ಅವರನ್ನು ತಡೆದು ನಿಲ್ಲಿಸಿದೆ. ಅವರಿಗೂ ಸಿಟ್ಟಿತ್ತು. "ನಾ ಸುಳ್ಳ ಹೇಳೀನೇನ್ರಿ? ನೀವಾ ಹೇಳ್ರಿ, ನಾ ಮತ್ತೇನ್ ಹೇಳ್ಬೇಕಿತ್ತು?" ಎಂದರು. ಒಂಬತ್ತು ಸಲದ ಪಟ್ಟಿ ನನ್ನ ಚೀಲದಲ್ಲಿಯೇ ಇತ್ತು. ಒಳಗೆ ಅದನ್ನು ತೆಗೆದು ತೋರಿಸದೆ ಇದ್ದವಳು ನಾನೇ.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕಾರನ್ನು ಮತ್ತೊಮ್ಮೆ ಗ್ಯಾರೇಜಿನಲ್ಲಿ ನೋಡಿದರಂತೆ, ಏನೂ ಸಿಗಲಿಲ್ಲವಂತೆ. ಸ್ವಿಚ್ಚಿನ ದೋಷವೆಂದು ಒಪ್ಪಿದರೆ ಒಂಬತ್ತಕ್ಕೆ ಒಂಬತ್ತು ಹೇಗೆ ಬಂತು? ಕಾರಿನ ಮಾತು ಬಿಟ್ಟು ನನ್ನ ಕೈತಪ್ಪೆಂದು ಒಪ್ಪಿದರೆ, ಉಳಿದ ಐದೂ ಪರೀಕ್ಷೆಗಳು ಸರಿಯಾಗಿ ಬಂದು ಅದೊಂದೇ ಹೇಗೆ ತಪ್ಪಿತು? ಈ ಎರಡನ್ನೂ ಕೂಡಿಸಿ ಹೇಳುವ ಒಂದು ಕಾರಣ ನನಗೆ ಈವರೆಗೆ ಸಿಕ್ಕಿಲ್ಲ. ಆ ಬಾಟಲಿಯಲ್ಲಿ ನಾನು ತಂದದ್ದು ಯಾವ ನೀರು ಎಂದು ನನಗೆ ಗೊತ್ತಿಲ್ಲ. ಅದರ ಮೇಲೆ ನಾನು ಹಾಕಿದ ಸಹಿಯನ್ನು ನಂಬಿ ಜನ ಕುಡಿದರು, ಅದಷ್ಟೇ ಗೊತ್ತು.