ಎರಡರಲ್ಲಿ ಒಂದು ಬಿಚ್ಚಬೇಕು

ಬೆಳಗ್ಗೆ ಏಳೂವರೆಗೆ ಹಿಂದಿನ ಬೀದಿಯ ಶೆಡ್ಡಿನಿಂದ ಆ ಸದ್ದು ಬರುತ್ತದೆ. ಮೊದಲು ಕಬ್ಬಿಣವನ್ನು ಒದ್ದ ಹಾಗೆ ಟಪ್, ಟಪ್. ಮೂರನೆಯ ಒದೆತಕ್ಕೆ ಒಂದು ಕೆಮ್ಮು. ಆಮೇಲೆ ತಗಡಿನ ಡಬ್ಬಿಯಲ್ಲಿ ಗೋಲಿಗಳನ್ನು ಹಾಕಿ ಕುಲುಕಿದಂತೆ ರಿಣ್-ಡಿಣ್-ಡಿಣ್. ಅಕ್ಕಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ಯಾಕೆಂದರೆ ಸದ್ದಿನ ಬೆನ್ನಿಗೇ ನೀಲಿ ಹೊಗೆ ಬರುತ್ತದೆ. ಸೀಟಕ್ಕ ಮಾತ್ರ ಕಿಟಕಿ ತೆರೆಯುತ್ತಾಳೆ. ಸುಟ್ಟ ಎಣ್ಣೆಯ ಆ ವಾಸನೆ ಅವಳಿಗೆ ಬೇರೆಯವರಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಇದ್ದ ಹಾಗೆ.

ಅವಳ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮೋಟಾರ್ ಸೈಕಲ್ಲುಗಳ ಸೀಟು ಹೊಲಿಯುವುದು ಅವಳ ಕಸುಬು. ಅಪ್ಪನ ಕಣ್ಣು ಮಂಜಾದ ವರ್ಷ ಅವನ ಹೊಲಿಗೆ ಯಂತ್ರದ ಮುಂದೆ ಕೂತವಳು, ಈಗ ನಲವತ್ತೇಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಒರಗಿದ ರೆಕ್ಸಿನ್ ಸುರುಳಿಗಳು, ಅಂಟಿನ ಡಬ್ಬ, ಫೋಮ್ ಕತ್ತರಿಸಲು ಬ್ರೆಡ್ಡು ಕುಯ್ಯುವ ಉದ್ದನೆಯ ಚಾಕು. ನೆಲದ ತುಂಬ ಹಳದಿ ಫೋಮಿನ ಚೂರು. ಅವಳು ಊಟಕ್ಕೆ ಕೂತರೆ ಅತ್ತಿಗೆ ಮೊದಲು ಅವಳ ತಲೆಗೂದಲಿನಿಂದ ಎರಡು ಚೂರು ಹೆಕ್ಕಿ ಹಾಕುತ್ತಾಳೆ.

ಸೀಟಿನ ಬೆನ್ನು ಸವರಿದರೆ ಸಾಕು, ಅದರ ಮೇಲೆ ಕೂತವರ ಜಾತಕ ಅವಳಿಗೆ ಗೊತ್ತಾಗುತ್ತದೆ. ಯಾರು ಪೆಟ್ರೋಲ್ ಟ್ಯಾಂಕಿನ ಕಡೆ ಜರುಗಿ ಆತುರದಲ್ಲಿ ಕೂರುತ್ತಾರೆ, ಯಾರ ಹಿಂದೆ ದಿನವೂ ಒಬ್ಬರು ಕೂರುತ್ತಾರೆ, ಯಾರ ಹಿಂದೆ ಹಾಗೆ ಕೂರುವುದು ಇತ್ತೀಚೆಗೆ ನಿಂತುಹೋಗಿದೆ. ಹೇಳುವುದಿಲ್ಲ. ಹೊಲಿದು ಕೊಡುತ್ತಾಳೆ. ಕೊಡುವ ಮೊದಲು ಗಾಡಿ ಏರಿ ಬೀದಿಯ ತುದಿಯ ನೀರಿನ ಟ್ಯಾಂಕಿನವರೆಗೆ ಹೋಗಿ ಬರುತ್ತಾಳೆ, ಸೀಟು ಸರಿಯಾಗಿ ಕೂತಿದೆಯೇ ಎಂದು ನೋಡಲು. ಇಪ್ಪತ್ತೆಂಟು ವರ್ಷಗಳಲ್ಲಿ ಸಾವಿರಾರು ಗಾಡಿ ಓಡಿಸಿರಬೇಕು. ಎಲ್ಲವೂ ಟ್ಯಾಂಕಿನವರೆಗೆ. ಎಲ್ಲವೂ ಬೇರೆಯವರವು.

ಹಾಗಾಗಿ ಹಿಂದಿನ ಬೀದಿಯ ಮೆಕ್ಯಾನಿಕ್, ಎಲ್ಲರೂ ಹೊಗೆಯಣ್ಣ ಎನ್ನುವವನು, ಒಂದು ಮಧ್ಯಾಹ್ನ ಬಂದು, "ಅಕ್ಕಾ, ಎರಡು ಗಾಡಿ ಸಿಕ್ಕಿವೆ. ಟೂ-ಸ್ಟ್ರೋಕು. ಸ್ಪೋರ್ಟು. ಒಂದು ನಿಮಗೇ ಅಂತ ಇಟ್ಟಿದೀನಿ" ಎಂದಾಗ ಅವಳ ಕಾಲು ಯಂತ್ರದ ಪೆಡಲಿನ ಮೇಲೆ ತಾನಾಗಿಯೇ ನಿಂತುಬಿಟ್ಟಿತು.

ಶೆಡ್ಡಿನಲ್ಲಿ ಎರಡೂ ಪಕ್ಕಪಕ್ಕ ನಿಂತಿದ್ದವು. ಒಂದೇ ಕಾರ್ಖಾನೆಯವು, ಒಂದೇ ಫ್ರೇಮು, ಅಕ್ಕತಂಗಿಯರಂಥ ಮಾಡೆಲ್ಲುಗಳು. ಗುಣ ಮಾತ್ರ ಉತ್ತರ ದಕ್ಷಿಣ.

"ಈ ನೀಲಿ ಸಾಧು," ಎಂದ ಹೊಗೆಯಣ್ಣ. "ಎಣ್ಣೆಗೆ ಬೇರೆ ಟ್ಯಾಂಕಿದೆ, ಪಂಪು ತಾನೇ ಬೆರೆಸಿಕೊಳ್ಳತ್ತೆ. ಎಲ್ಲಿ ತಿರುಗಿಸಿದ್ರೆ ಅಲ್ಲಿ ಎಳೆಯತ್ತೆ. ಕೆಂಪು ಹಂಗಲ್ಲ. ಪೆಟ್ರೋಲಿಗೆ ಎಣ್ಣೆ ನೀವೇ ಅಳೆದು ಹಾಕ್ಬೇಕು. ಕಮ್ಮಿಯಾದ್ರೆ ಪಿಸ್ಟನ್ ಹಿಡ್ಕೊಳತ್ತೆ, ಜಾಸ್ತಿಯಾದ್ರೆ ಬೀದಿಯವರು ನಿಮ್ಮನ್ನ ಹಿಡ್ಕೋತಾರೆ. ಕಮ್ಮಿ ವೇಗದಲ್ಲಿ ಸತ್ತ ಹಾವು. ಎಂಜಿನ್ ಸುತ್ತು ತೋರಿಸೋ ಈ ಮುಳ್ಳು ಆರು ಸಾವಿರ ದಾಟಲಿ, ಆಮೇಲೆ ನೋಡಿ."

"ಏನಾಗತ್ತೆ?"

"ಅದನ್ನ ಬಾಯಲ್ಲಿ ಹೇಳೋಕಾಗಲ್ಲ."

ಆಮೇಲೆ ಅವನು ಅಸಲಿ ಮಾತಿಗೆ ಬಂದ. ಈ ಗಾಡಿಗಳು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಅದಕ್ಕೆ ಶೆಡ್ಡಿನಲ್ಲಿ ಒಂದು ರೂಢಿ: ಜೋಡಿ ಸಿಕ್ಕರೆ ಒಂದನ್ನು ಓಡಿಸುವುದು, ಇನ್ನೊಂದನ್ನು ಬಿಚ್ಚಿ ಡಬ್ಬಗಳಲ್ಲಿ ತುಂಬಿಡುವುದು. ಗೇರು, ಬೇರಿಂಗು, ತಂತಿ ಎಲ್ಲವೂ ಬದುಕಿದ್ದರ ಹೊಟ್ಟೆಗೆ. "ಎರಡನ್ನೂ ಉಳಿಸ್ತೀನಿ ಅಂದ್ರೆ ಎರಡು ವರ್ಷಕ್ಕೆ ಎರಡೂ ನಿಲ್ತವೆ. ನೀವು ಬೇಕು ಅಂದಿದ್ದು ಉಳಿಯತ್ತೆ. ಇನ್ನೊಂದನ್ನ ನಾಳೆ ಬೆಳಗ್ಗೆ ಚಹಾ ಕುಡಿದು ಬಿಚ್ತೀನಿ."

ಸೀಟಕ್ಕ ಮೊದಲು ಕೆಂಪಿನ ಮೇಲೆ ಕೂತಳು. ಸೀಟು ಹರಿದಿತ್ತು, ಕಲ್ಲಿನಂತಿತ್ತು, ಹಿಂಭಾಗ ಕುಸಿದು ಹಳ್ಳ ಬಿದ್ದಿತ್ತು. ಅವಳ ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ, ಬೆರಳ ತುದಿ ಮಾತ್ರ ತಾಗಿತು. ಗಾಡಿ ಒಂದು ಕಡೆ ವಾಲಿತು, ಅವಳು ಹೆದರಿ ಹ್ಯಾಂಡಲ್ ಬಿಗಿಹಿಡಿದಳು. ಕಿಕ್ ಒದ್ದರೆ ಅದು ತಿರುಗಿ ಅವಳ ಬಲಮೊಣಕಾಲಿಗೇ ಒದೆಯಿತು. ಪೆಡಲು ತುಳಿದು ತುಳಿದು ಸವೆದ ಮೊಣಕಾಲು ಅದು.

ನೀಲಿಯ ಮೇಲೆ ಕೂತರೆ ಎರಡೂ ಪಾದ ಪೂರ್ತಿಯಾಗಿ ನೆಲದ ಮೇಲೆ. ಅಂಗೈ ಸೀಟಿನ ಅಂಚು ಸವರಿತು. ಎರಡು ಸಾಲು ಹೊಲಿಗೆ, ಮೂಲೆಯಲ್ಲಿ ದಾರ ಒಳಕ್ಕೆ ಮಡಚಿದ ಗಂಟು. "ಅಯ್ಯೋ, ಇದು ನನ್ನ ಕೈಯದು!" ಎಂದಳು. ಹತ್ತು ಹನ್ನೆರಡು ವರ್ಷದ ಹಿಂದಿನದಿರಬೇಕು. ಫೋಮು ಎರಡೂ ಕಡೆ ಸಮನಾಗಿ ತಗ್ಗಿತ್ತು. ಇದರ ಮೇಲೆ ಒಬ್ಬರೇ, ಒಂದೇ ಜಾಗದಲ್ಲಿ, ನೆಮ್ಮದಿಯಾಗಿ ಕೂತಿದ್ದಾರೆ. ಅಂಥವರ ಗಾಡಿಯ ಎಂಜಿನ್ನು ಕೆಟ್ಟಿರುವುದಿಲ್ಲ.

"ನೀಲಿ," ಎಂದಳು.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ನಕ್ಕ ಹೊಗೆಯಣ್ಣ. "ಎಂಜಿನ್ ಕೇಳದೆ ಹೊಲಿಗೆ ನೋಡಿ ಗಾಡಿ ಆರಿಸಿದೋರು ನೀವೊಬ್ರೇ."

ಆ ಸೀಟನ್ನು ತನಗೆಂದೇ ಹೊಸದಾಗಿ ಹೊಲಿಯಲು ಅವಳು ಬಿಚ್ಚಿಕೊಂಡು ಹೆಗಲ ಮೇಲೆ ಹೊತ್ತು ತಂದಳು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. "ನೀಲಿನೇ ನಿಂಗೆ ಸರಿ," ಎಂದಳು ಅಮ್ಮ. "ನೀನು ಹುಟ್ಟಿದಾಗಿಂದ ಒಂದು ದಿನ ಜೋರಾಗಿ ಅತ್ತೋಳಲ್ಲ." ಅದು ಹೊಗಳಿಕೆ ಎಂದೇ ಅಮ್ಮ ಹೇಳಿದ್ದು. ಸೀಟಕ್ಕ ತನ್ನ ತಲೆಗೂದಲಿನಿಂದ ತಾನೇ ಒಂದು ಫೋಮಿನ ಚೂರು ಹೆಕ್ಕಿ ಕೆಳಗೆ ಹಾಕಿದಳು.

ಮರುದಿನ ಬೆಳಗ್ಗೆ ಮೊದಲ ಕೆಲಸವೇ ಅದು. ಹಳೆಯ ರೆಕ್ಸಿನ್ ಸುಲಿದಳು, ಫೋಮನ್ನು ತಗಡಿನಿಂದ ಎಬ್ಬಿಸಿದಳು. ತಗಡಿನ ಮೇಲೆ ಅವಳದೇ ಕೈಬರಹ, ಬಿಳಿ ಬಣ್ಣದಲ್ಲಿ ನಾಲ್ಕು ಅಂಕಿ. ಒಬ್ಬರ ಸೀಟು ಇನ್ನೊಬ್ಬರಿಗೆ ಹೋಗದಿರಲಿ ಎಂದು ಅವಳು ಫೋಮ್ ಅಂಟಿಸುವ ಮೊದಲು ಗಾಡಿಯ ನಂಬರು ಬರೆದಿಡುತ್ತಾಳೆ. ಅಪ್ಪ ಕಲಿಸಿದ್ದು. ಅದರ ಪಕ್ಕ ಚಿಕ್ಕದಾಗಿ: 'ಒಂದು ಬೆರಳು ತಗ್ಗು.'

ಅವಳು ಆ ಅಂಕಿಗಳನ್ನು ಎರಡು ಸಲ ಓದಿದಳು. ನಿನ್ನೆ ಕೆಂಪು ಗಾಡಿಯ ಮುಂದೆ ನಿಂತು ನೋಡಿದ ನಂಬರು. ನೀಲಿಯದಲ್ಲ.

ಆಮೇಲೆ ಮನುಷ್ಯನೂ ನೆನಪಾದ. ಗಿಡ್ಡಗೆ ಒಬ್ಬರು, ದಪ್ಪ ಕನ್ನಡಕ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗಾಡಿ ಎತ್ತರವಾಯಿತು, ಮಾರಿಬಿಡುತ್ತೇನೆ ಎಂದು ಮುಖ ಸಣ್ಣ ಮಾಡಿಕೊಂಡು ಬಂದಿದ್ದರು. ಅವಳು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದ್ದಳು: "ಎತ್ತರ ಇರೋದು ಗಾಡಿಯಲ್ಲ ಸಾರ್, ಸೀಟು." ಒಂದು ಬೆರಳು ಫೋಮು ಕುಯ್ದು ಕೊಟ್ಟಿದ್ದಳು. ಅಂಥ ಸಾಧು ಮೇಷ್ಟರು ಈ ತುಂಟ ಗಾಡಿಯನ್ನು ಓಡಿಸಿದ್ದರು, ವರ್ಷಗಟ್ಟಲೆ, ಫೋಮು ಸಮನಾಗಿ ತಗ್ಗುವಷ್ಟು ನೆಮ್ಮದಿಯಲ್ಲಿ.

ಚಾಕು ಕೈಯಲ್ಲೇ ಉಳಿಯಿತು. ನಿನ್ನೆ ಅವಳನ್ನು ಹೆದರಿಸಿದ್ದು ಕೆಂಪು ಗಾಡಿಯಲ್ಲ, ಅದರ ಮೇಲಿದ್ದ ಇನ್ನೊಬ್ಬರ ಸೀಟು. ಎರಡರದ್ದೂ ಒಂದೇ ಫ್ರೇಮು ಎಂದು ನಿನ್ನೆ ಕಣ್ಣಾರೆ ಕಂಡಿದ್ದಳು. ಹಾಗಿದ್ದ ಮೇಲೆ ಒಂದು ಎತ್ತರ, ಒಂದು ತಗ್ಗು ಹೇಗಾದೀತು? ಬೇರೆ ಯಾರಾದರೂ ಗಿರಾಕಿ ಹಾಗೆ ಬೆರಳ ತುದಿಯಲ್ಲಿ ನಿಂತಿದ್ದರೆ ಅವಳು ದೂರದಿಂದಲೇ ಹೇಳಿಬಿಡುತ್ತಿದ್ದಳು. ತನ್ನ ಕಾಲು ಎಟುಕದಿದ್ದಾಗ ಮಾತ್ರ, ಇದು ನನ್ನಂಥವಳಿಗಲ್ಲ ಎಂದು ಸುಮ್ಮನೆ ಒಪ್ಪಿಕೊಂಡಿದ್ದಳು.

ಗಡಿಯಾರ ಒಂಬತ್ತು ದಾಟಿತ್ತು. ಫೋನು ಮಾಡಿದರೆ ಹೊಗೆಯಣ್ಣ ಎತ್ತಲಿಲ್ಲ. ಸ್ಪ್ಯಾನರು ಕೈಯಲ್ಲಿದ್ದರೆ ಅವನು ಹೆಂಡತಿಯ ಫೋನನ್ನೂ ಎತ್ತುವುದಿಲ್ಲ. ಅವಳು ಫೋಮನ್ನು ತಗಡಿಗೆ ಒತ್ತಿ, ಹಳೆಯ ರೆಕ್ಸಿನ್ನಿನಿಂದಲೇ ಸುತ್ತಿ, ದಾರದಲ್ಲಿ ಬಿಗಿದು, ಕಂಕುಳಲ್ಲಿ ಅವುಚಿಕೊಂಡು ಎದ್ದಳು.

"ಎಲ್ಲಿಗೆ? ಇನ್ನೂ ಚಹಾ ಕುಡಿದಿಲ್ಲ," ಎಂದಳು ಅತ್ತಿಗೆ.

"ಅವನು ಕುಡಿದಾಯ್ತು. ಅದೇ ಭಯ."

ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ.

ಶೆಡ್ಡಿನಲ್ಲಿ ಕೆಂಪು ಗಾಡಿಯ ಎರಡೂ ಬದಿಯ ತಗಡಿನ ಹೊದಿಕೆಗಳು ಆಗಲೇ ನೆಲ ಸೇರಿದ್ದವು. ಹೊಗೆಯಣ್ಣ ಮಂಡಿಯೂರಿ ಸೈಲೆನ್ಸರಿನ ಬೋಲ್ಟಿಗೆ ಸ್ಪ್ಯಾನರು ಹಾಕಿದ್ದ.

"ಅಣ್ಣಾ, ಕೈ ತೆಗಿ!"

ಅವನು ಬೆಚ್ಚಿ ನಿಜವಾಗಿಯೂ ಕೈ ತೆಗೆದ, ಬೆಂಕಿ ಮುಟ್ಟಿದವನಂತೆ. ಅವಳು ನಂಬರಿನ ಕಥೆ ಹೇಳಿದಳು. ಅವನು ತಲೆ ಕೆರೆದುಕೊಂಡ, ತಲೆಗೂ ಗ್ರೀಸ್ ಆಯಿತು. "ಎರಡನ್ನೂ ತೊಳೆದು ಸೀಟುಗಳನ್ನ ಬಿಸಿಲಿಗೆ ಹಾಕಿದ್ದೆ. ಒಣಗಿದ ಮೇಲೆ ಯಾವುದು ಯಾವುದಕ್ಕೆ ಅಂತ ಯಾರು ನೋಡಿದ್ರು? ಎರಡೂ ಕೂತ್ಕೊಂಡ್ವು."

"ನೋಡ್ಬೇಕಾಗಿತ್ತು."

"ನೀವೂ ನೋಡ್ಬೇಕಾಗಿತ್ತು. ಸೀಟಿನ ವಿಷಯ ಅಕ್ಕಾ, ಕಾರ್ಬೊರೇಟರ್ ಅಲ್ಲ."

ಅವಳು ಕೆಂಪಿನ ಹರಿದ ಸೀಟನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ತಂದ ಸೀಟನ್ನು ಅದರ ಜಾಗದಲ್ಲಿಟ್ಟು ಒತ್ತಿದಳು. ಕೊಂಡಿ ಟಿಕ್ ಎಂದಿತು. ಏರಿ ಕೂತಳು. ಪಾದಗಳೆರಡೂ ನೆಲದಲ್ಲಿದ್ದವು.

"ಓಡಿಸಿ ನೋಡ್ತೀನಿ."

"ನಿನ್ನೆನೇ ಹೇಳ್ದೆ, ಎಂಜಿನ್ ಕೇಳದೆ ಆರಿಸಿದ್ರಿ ಅಂತ."

ಮೊದಲ ಕಿಕ್ ತಿರುಗಿ ಒದೆಯಿತು. ಮೊಣಕಾಲು ಚುರ್ ಎಂದಿತು. "ಅರ್ಧಂಬರ್ಧ ತುಳಿದ್ರೆ ಒದೆಯತ್ತೆ. ಪೂರ್ತಿ ಮನಸ್ಸು ಮಾಡಿ ತುಳೀರಿ," ಎಂದ ಅವನು. ಎರಡನೆಯದನ್ನು ಅವಳು ತಳದವರೆಗೆ ತುಳಿದಳು. ಗಾಡಿ ಕೆಮ್ಮಿತು, ಹಿಡಿಯಿತು.

ಬೀದಿಯಲ್ಲಿ ಅದು ನಿಜಕ್ಕೂ ಸತ್ತ ಹಾವು. ಗೊಣಗುತ್ತ, ಮುಗ್ಗರಿಸುತ್ತ ನೀರಿನ ಟ್ಯಾಂಕಿನವರೆಗೆ ಬಂತು. ಅಲ್ಲಿ ಅವಳ ಕೈ ಅಭ್ಯಾಸಬಲದಿಂದ ಹ್ಯಾಂಡಲ್ ತಿರುಗಿಸಲು ಹೋಯಿತು. ತಿರುಗಿಸಲಿಲ್ಲ. ಟ್ಯಾಂಕು ಹಿಂದಕ್ಕೆ ಹೋಯಿತು. ಮುಂದೆ ಕಾಲುವೆ ಪಕ್ಕದ ನೇರ ರಸ್ತೆ, ಖಾಲಿ. ಅವಳು ಥ್ರಾಟಲ್ ತಿರುವಿದಳು. ಮುಳ್ಳು ನಾಲ್ಕು, ಐದು. ಏನೂ ಇಲ್ಲ. ಆರು. ಆಗ ಸದ್ದು ಬದಲಾಯಿತು. ಗೋಲಿಗಳ ಕುಲುಕಾಟ ಒಂದೇ ಎಳೆಯಾಗಿ, ಬಟ್ಟೆ ಹರಿಯುವ ಸದ್ದಿನಂತೆ ಚೂಪಾಗಿ ಎದ್ದಿತು, ಯಾರೋ ಬೆನ್ನಿಗೆ ಅಂಗೈಯಿಟ್ಟು ಮುಂದಕ್ಕೆ ತಳ್ಳಿದಂತಾಯಿತು. ಅವಳ ಬಾಯಿಂದ ಒಂದು ಕೂಗು ಹೊರಟಿತು. ಹೆದರಿಕೆಯದೋ ಖುಷಿಯದೋ ಅವಳಿಗೂ ಗೊತ್ತಾಗಲಿಲ್ಲ. ಜೋರಾಗಿಯಂತೂ ಇತ್ತು.

ಅವಳು ಮರಳಿ ಶೆಡ್ಡಿಗೆ ಬಂದಳು. ಸೀಟು ಬಿಚ್ಚಿ ನೀಲಿಗೆ ಹಾಕಿ, ಅದನ್ನೂ ಅದೇ ದಾರಿಯಲ್ಲಿ ಓಡಿಸಿಕೊಂಡು ಬಂದಳು. ನ್ಯಾಯ ಎಂದರೆ ನ್ಯಾಯ. ನೀಲಿಯಲ್ಲಿ ಹುಳುಕಿರಲಿಲ್ಲ. ಒಂದೇ ಕಿಕ್ಕಿಗೆ ಎದ್ದಿತು, ಹೇಳಿದ್ದಕ್ಕೆಲ್ಲ ಹೂಂ ಎಂದಿತು, ಯಾರನ್ನೂ ಎಬ್ಬಿಸದೆ ಹೋಗಿ ಯಾರಿಗೂ ತಿಳಿಯದಂತೆ ಬಂತು. ಅದರ ಮೇಲೆ ಕೂತಷ್ಟು ಹೊತ್ತೂ ಅವಳಿಗೆ ಯಾರೋ ತೀರ ಪರಿಚಯದವರ ಜೊತೆ ಹೋಗುತ್ತಿದ್ದೇನೆ ಅನಿಸಿತು. ಅದು ತಾನೇ ಎಂದು ಹೊಳೆದಾಗ ಶೆಡ್ಡು ಬಂದಿತ್ತು.

ಸ್ಟ್ಯಾಂಡ್ ಹಾಕಿ ಇಳಿದು ನಿಂತಳು. ನೀಲಿಯ ಟ್ಯಾಂಕಿನ ಮೇಲಿಟ್ಟ ಅಂಗೈ ಬೇಗ ತೆಗೆಯಲಾಗಲಿಲ್ಲ. ಕೆಟ್ಟದ್ದನ್ನು ಬಿಡುವುದು ಸುಲಭ. ಇದರ ತಪ್ಪೇನಿತ್ತು?

"ಹೇಳಿ ಅಕ್ಕಾ," ಎಂದ ಹೊಗೆಯಣ್ಣ. ಅವನ ದನಿ ಈಗ ತಗ್ಗಿತ್ತು. "ಈ ಸಲ ಬಿಚ್ಚಿದ್ರೆ ಬಿಚ್ಚಿದ ಹಾಗೇ."

"ಇದರದ್ದೆಲ್ಲ ಅದಕ್ಕೆ ಹಿಡಿಯತ್ತಾ?"

"ಗೇರು, ಬೇರಿಂಗು, ಚಕ್ರ, ಎಲ್ಲ. ಹತ್ತು ವರ್ಷಕ್ಕೆ ಸಾಕು."

ಅವಳು ಕೈ ತೆಗೆದಳು. "ನೀಲಿ ಬಿಚ್ಚು. ಒಂದು ನಟ್ಟೂ ಎಸೀಬೇಡ."

"ಖಂಡಿತಾನಾ? ಮೊಣಕಾಲು?"

"ಮೊಣಕಾಲು ನಂದು."

"ನಾಳೆ ನೋವು ಅಂತ ಬಂದು ಕೂತ್ರೆ ನನ್ನ ಹತ್ರ ನೀಲಿ ಇರಲ್ಲ, ಡಬ್ಬಗಳಿರ್ತವೆ. ಅಮ್ಮಂಗೆ ಏನು ಹೇಳ್ತೀರ? ಅವರು ಬಂದು ನನ್ನ ಚರ್ಮ ಸುಲಿದು ನಿಮ್ಮ ಕೈಗೇ ಹೊಲಿಯೋಕೆ ಕೊಡ್ತಾರೆ."

ಸೀಟಕ್ಕ ಸೀಟನ್ನು ಕಂಕುಳಿಗೆ ಸೇರಿಸಿ ಆಗಲೇ ಬಾಗಿಲು ದಾಟಿದ್ದಳು. "ಅಮ್ಮಂಗೆ ನಾನು ಹೇಳ್ಕೋತೀನಿ," ಎಂದಳು ತಿರುಗಿ ನೋಡದೆಯೇ. "ನೀನು ಆ ಹೊದಿಕೆ ವಾಪಸ್ ಹಾಕು, ಎಣ್ಣೆ ಎಷ್ಟಕ್ಕೆ ಎಷ್ಟು ಅಂತ ಒಂದು ಚೀಟೀಲಿ ಬರೆದಿಡು, ಸಂಜೆ ಹೊತ್ತಿಗೆ ನಾನು ಇದನ್ನ ಹೊಲಿದು ತರ್ತೀನಿ, ಬಣ್ಣ ಇನ್ನೂ ಯೋಚನೆ ಮಾಡಿಲ್ಲ, ಕಪ್ಪಂತೂ ಅಲ್ಲ, ಮತ್ತೆ ಆ ಕಾಲುವೆ ರಸ್ತೆ ಮುಂದಕ್ಕೆ ಹೋದ್ರೆ ಎಲ್ಲಿಗೆ ಸೇರತ್ತೆ ಅಣ್ಣಾ?"