ಎರಡೂವರೆ ಅಡಿ ಸಮುದ್ರ, ಮಾವನವರ ಗೇಜು

ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನಲ್ಲಿ ಕೂತು ಕೂತು ನನಗೆ ಸಮುದ್ರದ ಮೀನಿನ ಹುಚ್ಚು ಹಿಡಿಯಿತು. ಒಂದು ದವಡೆ ಹಲ್ಲಿಗೆ ಐದು ಸಲ ಕರೆಸಿದ್ದರು. ಐದೂ ಸಲ ನಾನು ಕೂತದ್ದು ಅಲ್ಲಿದ್ದ ಉಪ್ಪುನೀರಿನ ತೊಟ್ಟಿಯ ಎದುರಿಗೆ. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಎರಡು ಮೀನು, ಒಂದು ಕಲ್ಲು, ಮೇಲೆ ನೀಲಿ ಬೆಳಕು. ಒಳಗಿನಿಂದ ನರ್ಸ್ ಕೂಗಿದರೂ ಏಳಲು ಮನಸ್ಸು ಬರುತ್ತಿರಲಿಲ್ಲ. ಹಲ್ಲು ಸರಿಹೋದ ಮೇಲೆ ಅಲ್ಲಿಗೆ ಹೋಗಲು ನೆವ ಉಳಿಯಲಿಲ್ಲ. ಅದಕ್ಕೇ ಮನೆಯಲ್ಲೇ ಒಂದು ಇಟ್ಟುಕೊಳ್ಳೋಣ ಅಂದೆ.

"ಸಮುದ್ರ ಎಲ್ಲೈತಿ, ಹೊಸಪೇಟೆ ಎಲ್ಲೈತಿ," ಅಂದರು ನಮ್ಮ ಮನೆಯವರು. ಅವರಿಗೆ ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಗುವ ಕೆಲಸ. ಸಂಜೆ ಬಂದಾಗ ಕಣ್ಣಿನ ರೆಪ್ಪೆಯವರೆಗೂ ಕೆಂಪು ದೂಳು. "ಮೊದ್ಲು ನನ್ನ ಅಂಗಿ ತೊಳಿಯಾಕ ನೀರು ಸಾಕಾಗ್ತೈತೇನು ನೋಡು. ಆಮ್ಯಾಲ ಮೀನಿಂದು."

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಶುರು ಮಾಡಿದಳು. "ಲಿಂಗ ಕಟ್ಟಿದವರ ಮನ್ಯಾಗ ಮೀನೇನ್ರಿ ಅಕ್ಕಾ? ಮಸಾಲಿ ನಾ ಅರೆದು ಕೊಡ್ಲೇನು?"

ಅಂಗಳದಲ್ಲಿ ಪೇಪರ್ ಓದುತ್ತಿದ್ದ ಮಾವನವರು ಪೇಪರ್ ಇಳಿಸದೆಯೇ ಅಂದರು: "ಸಾಕಾಕ ತರ್ತಾಳವ್ವಾ, ತಿನ್ನಾಕಲ್ಲ. ನಿಮ್ಮ ಮನ್ಯಾಗ ಬೆಕ್ಕು ಐತಲ್ಲ, ಅದನ್ನೇನು ಪಲ್ಯ ಮಾಡ್ತೀರೇನು?"

ಅತ್ತೆ ತೀರಿಕೊಂಡ ಎರಡು ವರ್ಷದಲ್ಲಿ ಮಾವನವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು ಅಂತ ನನ್ನ ನೆನಪು. ಟಿ.ಬಿ. ಡ್ಯಾಂ ಕಡೆಯ ಕಾಲುವೆಗಳಲ್ಲಿ ಇಡೀ ಸರ್ವೀಸು ಗೇಟು ನೋಡಿಕೊಂಡವರು ಅವರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗೇಜು ಓದಬೇಕು, ಅಂದರೆ ನೀರಿನಲ್ಲಿ ನಿಲ್ಲಿಸಿದ ಅಳತೆಯ ಪಟ್ಟಿ ನೋಡಿ ಮಟ್ಟ ಬರೆಯಬೇಕು. ಇಳಿದರೆ ಗೇಟು ಏರಿಸಬೇಕು, ಏರಿದರೆ ಇಳಿಸಬೇಕು. ರಿಟೈರ್ ಆದ ಮೇಲೆ ಅತ್ತೆ ಅವರನ್ನು ಸುಮ್ಮನೆ ಕೂಡಗೊಡುತ್ತಿರಲಿಲ್ಲ. ಸೊಪ್ಪು ಬಿಡಿಸ್ರಿ, ಹಾಲು ತರ್ರಿ, ಒಂದಲ್ಲ ಒಂದು. ಆಕೆ ಹೋದ ಮೇಲೆ ನಾವು ಅವರಿಗೆ ಏನೂ ಹೇಳಲಿಲ್ಲ. ಮರ್ಯಾದೆ ಅಂದುಕೊಂಡೆವು. ಅವರು ದಿನಕ್ಕೆ ಒಂದೇ ಪೇಪರನ್ನು ಮೂರು ಸಲ ಓದತೊಡಗಿದರು.

ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಅಳೆಯುವುದು, ಕಲಸುವುದು, ತೊಳೆಯುವುದು ಇಪ್ಪತ್ತು ವರ್ಷದಿಂದ ಮಾಡಿದ್ದೇ. ಉಪ್ಪುನೀರೇನು ದೊಡ್ಡದು ಅನ್ನುವ ಧೈರ್ಯ. ಎರಡೂವರೆ ಅಡಿ ಉದ್ದದ ತೊಟ್ಟಿ, ಸಮುದ್ರದ ಉಪ್ಪಿನ ಪುಡಿ, ತೂತುತೂತಿನ ಕಲ್ಲು, ನೀರು ತಿರುಗಿಸುವ ಪಂಪು ಎಲ್ಲಾ ಬೆಂಗಳೂರಿನ ಅಂಗಡಿಯಿಂದ ಬಸ್ ಪಾರ್ಸಲಿನಲ್ಲಿ ಬಂದವು. ಅಡುಗೆ ಉಪ್ಪು ನಡೆಯುತ್ತದೇನು ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಅಂಗಡಿಯಾತ ನಕ್ಕಿದ್ದ. "ಮೇಡಂ, ಅದರಲ್ಲಿ ಉಪ್ಪಿನಕಾಯಿ ಆಗುತ್ತೆ, ಸಮುದ್ರ ಆಗಲ್ಲ."

ಆತ ಹೇಳಿದ ಇನ್ನೊಂದು ಮಾತು, ಕಾಯಬೇಕು. ನೀರು ಕಲಸಿ ಕಲ್ಲು ಇಟ್ಟ ಮೇಲೆ ಒಂದು ತಿಂಗಳು ಮೀನು ಬಿಡುವ ಹಾಗಿಲ್ಲ. ಮೀನಿನ ಹೊಲಸನ್ನು ತಿಂದು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಕಲ್ಲಿನ ತೂತಿನಲ್ಲಿ ಮೊದಲು ಸಂಸಾರ ಹೂಡಬೇಕು. ಅದು ನನಗೆ ಕಷ್ಟವಾಗಲಿಲ್ಲ. ಮೊಸರು ಹೆಪ್ಪಾಗಲು ಕಾಯುವವರಿಗೆ ಇದೂ ಒಂದು ಹೆಪ್ಪೇ. ಆದರೆ ನೋಡಲು ಬಂದವರಿಗೆ ಏನು ಹೇಳುವುದು? ಪಕ್ಕದ ಮನೆಯಾಕೆ ಗಾಜಿಗೆ ಮೂಗು ಹಚ್ಚಿ ನೋಡಿ, "ಬರೇ ಕಲ್ಲು ಸಾಕೀರೇನ್ರಿ? ಹಂಪ್ಯಾಗ ಬೇಕಾದಷ್ಟು ಅದಾವಲ್ಲ!" ಅಂದಳು.

ಆ ಖಾಲಿ ತಿಂಗಳಿನಲ್ಲೇ ಮಾವನವರು ತೊಟ್ಟಿಯ ಹತ್ತಿರ ಬಂದದ್ದು. ನಮ್ಮೂರಿನ ಬಿಸಿಲಿಗೆ ನೀರು ಕಾಯಬಾರದೆಂದು ನಾನು ಮೇಲೆ ಸಣ್ಣ ಫ್ಯಾನು ಕಟ್ಟಿದ್ದೆ. ತಂಪೇನೋ ಆಯಿತು, ಆದರೆ ನೀರು ದಿನಕ್ಕೆ ಒಂದೂವರೆ ಲೀಟರಿನಷ್ಟು ಆವಿಯಾಗತೊಡಗಿತು. ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ, ತೊಟ್ಟಿಯ ಮೂಲೆಗೆ ಒಂದು ಕಾಗದದ ಪಟ್ಟಿ ಅಂಟಿದೆ. ಸ್ಕೇಲಿಟ್ಟು ಎಳೆದ ಗೆರೆಗಳು, ಪಕ್ಕದಲ್ಲಿ ಮುತ್ತಿನಂಥ ಅಂಕಿಗಳು. ಒಂದು ಗೆರೆ ಮಾತ್ರ ಕೆಂಪು.

"ಇದು ಎಫ್.ಎಸ್.ಎಲ್ಲು," ಅಂದರು ಮಾವನವರು. ಪೂರ್ತಿ ತುಂಬಿದ ಮಟ್ಟಕ್ಕೆ ಕಾಲುವೆಯವರು ಅನ್ನುವ ಮಾತು. "ಇವತ್ತು ಕಾಲು ಇಂಚು ಇಳದೈತಿ. ಉಪ್ಪು ಹಾರೂದಿಲ್ಲ, ನೀರಷ್ಟ ಹಾರ್ತೈತಿ. ಇಳದಷ್ಟೂ ಉಪ್ಪು ಏರ್ತೈತಿ. ಹೌದಲ್ಲ?"

"ಹೌದ್ರಿ ಮಾವಾರ. ಅದಕ್ಕ ಬರೇ ಸಿಹಿನೀರು ಹಾಕಬೇಕು. ಫಿಲ್ಟರಿಂದು."

"ನಾ ಹಾಕ್ತೀನಿ. ನೀ ರೊಟ್ಟಿ ಬಡಿ."

ಅವತ್ತಿನಿಂದ ಬೆಳಿಗ್ಗೆ ಗೇಜು ಅವರದ್ದು. ಸ್ನಾನ, ಲಿಂಗಪೂಜೆ, ಆಮೇಲೆ ತೊಟ್ಟಿ. ನಾನು ಒಲೆಯ ಮುಂದಿಂದಲೇ ಅವರು ನೀರು ಬಿಡುವ ಸಣ್ಣ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಪೇಪರ್ ಒಂದೇ ಸಲಕ್ಕೆ ಮುಗಿಯತೊಡಗಿತು.

ತಿಂಗಳು ದಾಟಿದ ಮೇಲೆ ಕಿತ್ತಳೆ ಮೀನು ಎರಡು, ಗಾಜಿನ ಪಾಚಿ ನೆಕ್ಕುವ ಬಸವನಹುಳು ನಾಲ್ಕು, ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆಯಿದ್ದ ಸೀಗಡಿ ಒಂದು ಬಂದವು. ಆ ಸೀಗಡಿಯ ಕಸುಬೇ ಬೇರೆ ಮೀನುಗಳ ಮೈ ಉಜ್ಜಿ ಶುಚಿ ಮಾಡುವುದು. ಮಾವನವರು ಕೈ ತೊಳೆದು ಬೆರಳು ಇಳಿಬಿಟ್ಟರೆ ಅದು ಕಲ್ಲಿನ ಸಂದಿಯಿಂದ ಬಂದು, ಉದ್ದ ಮೀಸೆ ಆಡಿಸಿ, ಅವರ ಉಗುರಿನ ಅಂಚನ್ನೆಲ್ಲ ಚುಟುಚುಟು ಕೆದಕುತ್ತಿತ್ತು.

"ಲೇ, ಕಚಗುಳಿ ಇಡಬ್ಯಾಡಲೇ," ಅನ್ನುವರು ಅವರು. ಮನೆಯವರು ಮುಖದ ಕೆಂಪು ದೂಳನ್ನೂ ತೊಳೆಯದೆ ನಿಂತು, "ಅಪ್ಪಾ, ನನ್ನ ಉಗುರೂ ಕೊಡ್ಲೇನು? ಅದಕ್ಕ ವರ್ಷದ ಕೆಲಸ ಸಿಕ್ಕಂಗ ಆಗ್ತೈತಿ," ಅಂದರೆ, "ನಿಂದು ಮುಟ್ಟಿದ್ರ ಅದು ರಾಜೀನಾಮಿ ಕೊಟ್ಟು ಹೋಗ್ತೈತಿ," ಅಂದು ನಗುವರು. ಹಂಪಿ ನೋಡಲು ಬಂದ ನೆಂಟರು ಊಟಕ್ಕೆ ಬಂದರೆ ಮಾವನವರೇ ಬೆರಳು ಇಳಿಬಿಟ್ಟು ತೋರಿಸುವರು.

ಮೂರು ವಾರ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬಸವನಹುಳು ಒಂದು ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ತಿರುಗಿಸಿ ಇಟ್ಟೆ. ಮತ್ತೆ ಬಿತ್ತು. ಮರುದಿನಕ್ಕೆ ಇನ್ನೊಂದು. ಉಪ್ಪಿನ ಅಳತೆ ಸರಿ, ಬಿಸಿ ಸರಿ, ಪಂಪು ಸರಿ. ಭಾನುವಾರದ ಹೊತ್ತಿಗೆ ನಾಲ್ಕೂ ಹೋದವು. ಸೀಗಡಿ ಊಟಕ್ಕೆ ಹೊರಗೆ ಬರಲಿಲ್ಲ. ಮಾವನವರು ಬೆರಳು ಬಿಟ್ಟುಕೊಂಡು ಎಷ್ಟೋ ಹೊತ್ತು ನಿಂತರು. ಸೋಮವಾರ ಅದು ಕಲ್ಲಿನ ಬುಡದಲ್ಲಿ ಅಡ್ಡ ಮಲಗಿತ್ತು. ಮೀನುಗಳು ಮಾತ್ರ ಏನೂ ಆಗದ ಹಾಗೆ ತಿರುಗುತ್ತಿದ್ದವು.

ಕಾಲೇಜಿನಿಂದಲೇ ಅಂಗಡಿಯಾತನಿಗೆ ಫೋನ್ ಮಾಡಿದೆ. ಅವನು ಒಂದೇ ಪ್ರಶ್ನೆ ಕೇಳಿದ. "ಮೇಡಂ, ಮೀನು ಚೆನ್ನಾಗಿದೆ, ಹುಳ, ಸೀಗಡಿ ಸತ್ತಿದೆ ಅಂದ್ರೆ ತಾಮ್ರ. ನೀರಿಗೆ ಎಲ್ಲಾದ್ರೂ ತಾಮ್ರ ತಾಗ್ತಿದೆಯಾ? ವೈರು, ನಾಣ್ಯ, ಪಾತ್ರೆ?"

ಫೋನ್ ಕಿವಿಯಲ್ಲಿದ್ದಂತೆಯೇ ನನಗೆ ಕಂಡದ್ದು ಅತ್ತೆಯ ತಾಮ್ರದ ಕೊಡ. ಕಂಪ್ಲಿಯ ತವರುಮನೆಯಿಂದ ಆಕೆ ತಂದದ್ದು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಅದರದ್ದೇ ನೀರು ಕುಡಿಯುವುದು ಮಾವನವರ ಎಷ್ಟೋ ವರ್ಷಗಳ ರೂಢಿ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗುತ್ತಿದ್ದವಳು ನಾನೇ. ಮತ್ತು ಈಚೆಗೆ ಮಾವನವರು ಸ್ಟೀಲ್ ಲೋಟ ಹಿಡಿದು ಫಿಲ್ಟರಿನ ನಲ್ಲಿಗೆ ಹೋಗುತ್ತಿದ್ದುದನ್ನು ನಾನು ನೋಡಿಯೂ ಯಾಕೆ ಅಂತ ಕೇಳಿರಲಿಲ್ಲ.

ಸಂಜೆ ಹಗುರಾಗಿ ಕೇಳಿದೆ. "ಮಾವಾರ, ಕೊಡದ ನೀರು ಕುಡಿಯೂದು ಬಿಟ್ಟೀರೇನ್ರಿ?"

"ಅದನ್ನ ಅವಕ್ಕ ಹಾಕ್ತೀನಲ್ಲವ್ವಾ," ಅಂದರು, ತೊಟ್ಟಿಯ ಕಡೆ ಗದ್ದ ಎತ್ತಿ. "ಫಿಲ್ಟರ್ ನೀರು ಸಪ್ಪ, ಸತ್ತ ನೀರದು. ಫಿಲ್ಟರಿಂದನ ಹಿಡದು ರಾತ್ರಿ ಕೊಡದಾಗ ಇಟ್ಟು ಬೆಳಿಗ್ಗೆ ಹಾಕ್ತೀನಿ. ಅಷ್ಟು ದೂರದಿಂದ ಬಂದಾವು. ಮನ್ಯಾಗಿನ ಒಳ್ಳೆ ನೀರು ಅವು ಕುಡೀಲಿ."

ಪ್ರತಿ ವರ್ಷ ಹುಡುಗರ ಪ್ರಾಕ್ಟಿಕಲ್‌ಗೆ ತಾಮ್ರದಿಂದಾದ ಮೈಲುತುತ್ತದ ನೀಲಿ ನೀರು ಕಲಸುವವಳು ನಾನು. ತಾಮ್ರ ನೀರಿಗಿಳಿಯುತ್ತದೆ ಅಂತ ಗೊತ್ತಿರಬೇಕಾದವಳೂ ನಾನೇ. ಈಗ ಹೇಳಿದರೆ ಈ ಮನುಷ್ಯ ಗೇಜು ಕಿತ್ತು ಹಾಕಿ ಮತ್ತೆ ಪೇಪರಿನ ಹಿಂದೆ ಹೋಗಿ ಕೂತುಬಿಡುತ್ತಾರೆ, ಇನ್ನೊಮ್ಮೆ ಹೊರಗೆ ಬರುವುದಿಲ್ಲ ಅಂತ ನನಗೆ ಖಾತ್ರಿಯಿತ್ತು. ಹೇಳದಿದ್ದರೆ ನಾಳೆ ಬೆಳಿಗ್ಗೆ ತೊಟ್ಟಿಗೆ ಮತ್ತೆ ಆ ಕೊಡದ ನೀರೇ.

ಹೇಡಿಯ ಹಾಗೆ ಮಾಡಿದೆ. ಕೊಡವನ್ನು ಒಗೆದ ಬಟ್ಟೆಯ ಬುಟ್ಟಿಯಲ್ಲಿ ಮುಚ್ಚಿ ಅಟ್ಟಕ್ಕೆ ಏರಿಸಿ, ಸ್ಟೀಲ್ ಕೊಡ ಇಟ್ಟು, "ಅದು ಸೋರಾಕ ಹತ್ತೈತ್ರಿ, ಬೆಸುಗಿಗೆ ಕೊಟ್ಟೀನಿ," ಅಂದೆ.

ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಲವತ್ತು ವರ್ಷದ ಕೊಡ. ನಿನ್ನೆ ಮುಂಜಾನಿ ಒಂದು ಹನಿ ಸೋರಿಲ್ಲ. ಏನಾಗೈತಿ ಹೇಳು."

"ಏನಿಲ್ರಿ ಮಾವಾರ..."

"ನೀರಿನ ಕೆಲಸ ಮಾಡಿದಾಂವ ನಾ. ಕೆಳಗಿನ ಹೊಲಕ್ಕ ನೀರು ಹೋಗಲಿಲ್ಲಂದ್ರ ಎಲ್ಲಿ ಒಡದೈತಿ ಅಂತ ಹುಡುಕಬೇಕು. ಮುಚ್ಚಿಟ್ರ ಇನ್ನಾ ಒಡೀತೈತಿ. ಹೇಳು."

ಹೇಳಿದೆ. ಹಿಟ್ಟಿನ ಕೈಯಲ್ಲೇ ನಿಂತು, ಅಂಗಡಿಯಾತ ಹೇಳಿದ್ದನ್ನೂ, ದಿನಾ ಚೂರುಚೂರು ಕೂಡಿದ್ದನ್ನೂ, ಹುಣಸೆಹಣ್ಣು ಹಚ್ಚಿ ಬೆಳಗಿದವಳು ನಾನು, ಗೊತ್ತಿದ್ದೂ ಗಮನಿಸದವಳು ನಾನು ಅನ್ನುವುದನ್ನೂ. ಅವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. ಕೊನೆಗೆ, "ನಮಗ ಒಳ್ಳೇದು ಅವಕ್ಕ ವಿಷ," ಅಂದರು. ಹೋಗಿ ಅಂಗಳದಲ್ಲಿ ಕೂತರು. ಪೇಪರ್ ಬಿಚ್ಚಲಿಲ್ಲ. ಮಧ್ಯಾಹ್ನ ಅರ್ಧ ರೊಟ್ಟಿ ಬಿಟ್ಟರು ಅಂತ ತಟ್ಟೆ ತೊಳೆಯುವಾಗ ನೋಡಿದೆ.

ಎರಡು ದಿನ ತೊಟ್ಟಿಯ ನೀರು ಕೆಂಪು ಗೆರೆಯಿಂದ ಇಳಿಯುತ್ತಲೇ ಹೋಯಿತು. ನಾನೂ ಹಾಕಲಿಲ್ಲ. ಅವರ ಕೆಲಸವನ್ನು ಅವರ ಕಣ್ಣೆದುರಿಗೆ ಎತ್ತಿಕೊಳ್ಳಲು ಕೈ ಬರಲಿಲ್ಲ. ಮನೆಯವರು ಒಮ್ಮೆ ಚೊಂಬು ಹಿಡಿದು ಹೋದರು, ನಾನು ಕಣ್ಣಲ್ಲೇ ತಡೆದೆ.

ಮೂರನೆಯ ದಿನ ಬೆಳಿಗ್ಗೆ ಮಾವನವರು ಕೂಗಿದರು. "ಮುಕ್ಕಾಲು ಇಂಚು ಇಳದೈತಿ. ಈ ಮನ್ಯಾಗ ಕೇಳೋರಿಲ್ಲೇನು?"

ಓಡಿ ಬಂದೆ. ಅವರು ಕನ್ನಡಕ ಹಾಕಿಕೊಂಡು ಗೇಜಿನ ಎದುರು ಬಗ್ಗಿದ್ದರು. "ಇದ್ದ ನೀರಿನ್ಯಾಗಿನ ತಾಮ್ರ ತಗಿಯಾಕ ದಾರಿ ಐತೇನು?"

"ಐತ್ರಿ. ಸ್ವಲ್ಪ ಸ್ವಲ್ಪ ಹಳೆ ನೀರು ತಗದು ಹೊಸಾ ಉಪ್ಪುನೀರು ಹಾಕಬೇಕು. ಒಂದು ಥರಾ ಇದ್ದಲಿನ ಚೀಲ ಇಡಬೇಕು, ಅದು ಹೀರ್ಕೋತೈತಿ. ಭಾಳ ದಿನ ಹಿಡೀತೈತಿ."

"ದಿನದ್ದೇನು. ಒಂದು ತಿಂಗಳು ಬರೇ ಕಲ್ಲು ಕಾದೀವಿ." ನೆಟ್ಟಗಾದರು. "ತಪ್ಪು ಎಲ್ಲಾಗೈತಿ ಗೊತ್ತೇನು? ನಮ್ಮಲ್ಲಿ ಗೇಟ್ ತಿರುವಾಂವ ಒಬ್ಬ, ಗೇಜ್ ಓದಾಂವ ಒಬ್ಬ. ಇಬ್ರೂ ಕೂಗಿ ಹೇಳಬೇಕು, ಎಷ್ಟು ಬಿಟ್ಟೆ, ಎಷ್ಟು ಏರಿತು ಅಂತ. ಇಲ್ಲಿ ಎರಡೂ ನಾನ ಮಾಡಿದೆ, ಯಾರಿಗೂ ಕೂಗಲಿಲ್ಲ. ನೀನೂ ಕೇಳಲಿಲ್ಲ."

"ಇಲ್ರಿ. ಕೇಳಲಿಲ್ಲ."

"ಇನ್ನ ಮ್ಯಾಲ ನೀ ಹಾಕು, ನಾ ಓದ್ತೀನಿ."

ವಾರಕ್ಕೆ ಎರಡು ಸಲ ನೀರು ಬದಲಿಸಿದೆವು. ಇದ್ದಲಿನ ಚೀಲ ಮೂರು ಸಲ ಬದಲಾಯಿತು. ತಾಮ್ರ ನೋಡುವ ಪರೀಕ್ಷೆಯ ಪೆಟ್ಟಿಗೆ ತರಿಸಿ ನೀರಿನ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನೂ ಅವರೂ ಜಗಳಾಡಿದೆವು, ತಿಳಿಯೋ ಇನ್ನೂ ಬಣ್ಣ ಇದೆಯೋ ಅಂತ. ಬಣ್ಣ ಪೂರ್ತಿ ಹೋದ ಮೇಲೂ ಅವರು ಒಂದು ತಿಂಗಳು ತಡೆಸಿದರು. ಆಮೇಲೆ ಒಂದೇ ಒಂದು ಬಸವನಹುಳು ತರಿಸಿದ್ದೇವೆ. ಅದು ಬಂದು ಹನ್ನೊಂದು ದಿನ. ಗಾಜು ಬಿಟ್ಟಿಲ್ಲ. ಸೀಗಡಿ ತರಿಸೋಣವೇನು ಅಂದರೆ ಮಾವನವರು ಒಪ್ಪುತ್ತಿಲ್ಲ.

ಈ ಹೊಸ ಪದ್ಧತಿಯಿಂದ ಆದ ತೊಂದರೆ ನನಗೇ. ಎಂಟೂವರೆಯ ಬಸ್ಸು ಹಿಡಿಯಬೇಕಾದವಳು ಹೆಗಲಿಗೆ ಚೀಲ ಹಾಕಿಕೊಂಡೇ ಪ್ಲಾಸ್ಟಿಕ್ ಜಗ್ಗು ಹಿಡಿದು ನಿಲ್ಲಬೇಕು. ಇವತ್ತು ಬೆಳಿಗ್ಗೆಯೂ ಅಂದೆ, "ಮಾವಾರ, ಇವತ್ತೊಂದಿನ ನೀವ ಹಾಕ್ರಲ್ಲ. ಬಸ್ ತಪ್ತೈತಿ."

"ಇನ್ನೊಂದು ಬಸ್ ಬರ್ತೈತಿ. ಯಾವ ನೀರು, ಕೂಗು."

"ಫಿಲ್ಟರಿಂದು!"

"ಯಾತರಾಗ ಹಿಡದಿ?"

"ಪ್ಲಾಸ್ಟಿಕ್ ಜಗ್ಗಿನ್ಯಾಗ!"

"ಹ್ಞಾಂ. ಬಿಡು." ಅವರು ಕೆಂಪು ಗೆರೆಗೆ ಕಣ್ಣು ನೆಟ್ಟರು. "ಬಿಡು... ಬಿಡು... ಇನ್ನಾ ಒಂದು ಚೂರು. ಅವಸರ ಮಾಡಬ್ಯಾಡ."